ಹಳೆಯ ರಿವಾಲ್ವರುಗಳ ಮೂಲ ಮೆರುಗು ಮತ್ತು ಹಿಡಿಗಳ ಗುರುತಿಸುವಿಕೆ

ಹಳೆಯ ರಿವಾಲ್ವರೊಂದರ ಲೋಹದ ಮೆರುಗು ಮತ್ತು ಹಿಡಿ ಕಾರ್ಖಾನೆಯಿಂದ ಹೊರಬಂದಾಗ ಇದ್ದವೇ, ಅಥವಾ ಅನಂತರ ಯಾರೋ ಬದಲಾಯಿಸಿದವೇ ಎಂಬುದನ್ನು ನಿರ್ಣಯಿಸುವುದು ಆಯುಧಗಳ ಇತಿಹಾಸದ ಅಧ್ಯಯನದಲ್ಲಿ ಮತ್ತು ವಸ್ತುಸಂಗ್ರಹಾಲಯಗಳ ಕೆಲಸದಲ್ಲಿ ಮುಖ್ಯವಾದ ಒಂದು ಪರೀಕ್ಷೆ. ಮೂಲ ಮೆರುಗು ಅಲಂಕಾರ ಮಾತ್ರವಲ್ಲ, ಅದೊಂದು ಸಾಕ್ಷ್ಯವೂ ಹೌದು. ವಸ್ತು ಯಾವ ಕಾಲದಲ್ಲಿ, ಯಾವ ವಿಧಾನದಿಂದ ತಯಾರಾಯಿತು, ಯಾರ ಕೈಯಲ್ಲಿ ಹೇಗೆ ಬಳಕೆಯಾಯಿತು ಎಂಬುದು ಆ ತೆಳುವಾದ ಪದರದಲ್ಲಿ ಉಳಿದಿರುತ್ತದೆ. ಒಮ್ಮೆ ಉಜ್ಜಿ ತೆಗೆದ ಮೂಲ ಮೆರುಗನ್ನು ಮರಳಿ ತರಲಾಗುವುದಿಲ್ಲ. ಅದರ ಅನುಕರಣೆಯನ್ನು ಮಾತ್ರ ಮಾಡಬಹುದು. ಈ ಲೇಖನದ ಉದಾಹರಣೆಗಳು ಮುಖ್ಯವಾಗಿ ಅಮೆರಿಕದ ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸ್ಸನ್ ಹಾಗೂ ಬ್ರಿಟನ್ನಿನ ವೆಬ್ಲಿ ಸಂಸ್ಥೆಗಳ ರಿವಾಲ್ವರುಗಳಿಗೆ ಸಂಬಂಧಿಸಿವೆ.

ಪರಿಭಾಷೆ

‘ಮೂಲ’ ಮತ್ತು ‘ಬದಲಿ’ ಎಂಬ ಎರಡೇ ವರ್ಗಗಳು ಸಾಲುವುದಿಲ್ಲ. ಸಾಮಾನ್ಯವಾಗಿ ಈ ಕೆಳಗಿನ ಭೇದಗಳನ್ನು ಮಾಡಲಾಗುತ್ತದೆ:

• ಮೂಲ ಮೆರುಗು: ಕಾರ್ಖಾನೆಯಲ್ಲಿ ಮೊದಲ ಬಾರಿಗೆ ನೀಡಿದ ಮೆರುಗು. ಅದು ಎಷ್ಟೇ ಸವೆದಿದ್ದರೂ ಮೂಲವೇ.
• ಕಾರ್ಖಾನೆಯ ಮರುಮೆರುಗು: ದುರಸ್ತಿಗಾಗಿ ಮರಳಿ ಬಂದ ಆಯುಧಕ್ಕೆ ತಯಾರಕರೇ ಎರಡನೆಯ ಬಾರಿ ನೀಡಿದ ಮೆರುಗು.
• ಸೇನಾ ಉಗ್ರಾಣದ ಮರುಮೆರುಗು: ಸರ್ಕಾರಿ ಶಸ್ತ್ರಾಗಾರಗಳಲ್ಲಿ ಅಧಿಕೃತವಾಗಿ ನಡೆದ ನವೀಕರಣ.
• ಖಾಸಗಿ ಮರುಮೆರುಗು: ಬಂದೂಕು ದುರಸ್ತಿಗಾರರು ಅಥವಾ ಮಾಲೀಕರು ಮಾಡಿಸಿದ್ದು.
• ಪುನಃಸ್ಥಾಪನೆ: ಮೂಲ ವಿಧಾನಗಳನ್ನೇ ಅನುಸರಿಸಿ ಹಳೆಯ ರೂಪವನ್ನು ಮರಳಿ ತರಲು ನಡೆಸಿದ ಪರಿಣತ ಕೆಲಸ.

ಇವುಗಳಲ್ಲಿ ಯಾವುದೂ ತನ್ನಷ್ಟಕ್ಕೆ ವಂಚನೆಯಲ್ಲ. ಒಂದನ್ನು ಇನ್ನೊಂದೆಂದು ಹೇಳಿ ಮಾರಿದಾಗ ಅದು ವಂಚನೆಯಾಗುತ್ತದೆ.

ಮೂಲ ಮೆರುಗಿನ ವಿಧಗಳು

ನೀಲಿ ಮೆರುಗು: ಉಕ್ಕಿನ ಮೇಲ್ಮೈಯಲ್ಲಿ ಕಬ್ಬಿಣದ ಕಪ್ಪು ಆಕ್ಸೈಡಿನ ತೆಳು ಪದರವನ್ನು ಬೆಳೆಸುವ ಕ್ರಿಯೆಯೇ ನೀಲಿಗೊಳಿಸುವಿಕೆ, ಅಂದರೆ ಬ್ಲೂಯಿಂಗ್. ಇದು ಬಣ್ಣ ಬಳಿಯುವ ಕೆಲಸವಲ್ಲ. ಲೋಹವೇ ಬಣ್ಣ ತಾಳುತ್ತದೆ. 19ನೆಯ ಶತಮಾನದಲ್ಲಿ ಚೆನ್ನಾಗಿ ಉಜ್ಜಿದ ಭಾಗಗಳನ್ನು ಇದ್ದಿಲಿನೊಂದಿಗೆ ಕುಲುಮೆಯಲ್ಲಿ ಕಾಯಿಸುವ ವಿಧಾನ ಪ್ರಚಲಿತವಾಗಿತ್ತು. ಅದರಿಂದ ದೊರೆಯುವ ನೀಲಿಯು ಆಳವೂ ತಿಳಿಯೂ ಆಗಿರುತ್ತದೆ. 20ನೆಯ ಶತಮಾನದ ನಡುಭಾಗದ ಹೊತ್ತಿಗೆ ಕಾಸ್ಟಿಕ್ ಸೋಡ ಮತ್ತು ನೈಟ್ರೇಟ್ ಲವಣಗಳ ಕುದಿಯುವ ದ್ರಾವಣದಲ್ಲಿ ಭಾಗಗಳನ್ನು ಅದ್ದುವ ವಿಧಾನ ವ್ಯಾಪಕವಾಯಿತು. ಇದರ ಬಣ್ಣ ಹೆಚ್ಚು ಕಪ್ಪು, ಎಲ್ಲೆಡೆ ಏಕರೂಪ. ಆದುದರಿಂದ 1870ರ ದಶಕದ ರಿವಾಲ್ವರಿನ ಮೇಲೆ ಲವಣ ದ್ರಾವಣದ ಸಮನಾದ ಕಪ್ಪು ಕಂಡರೆ ಅದು ಮರುಮೆರುಗೆಂದು ತಿಳಿಯಬೇಕು. ಆ ವಿಧಾನವು ಆ ಕಾಲದ್ದಲ್ಲ.

ಬೆಂಕಿ ನೀಲಿ: ತಿರುಪು, ಸ್ಪ್ರಿಂಗ್ ಮೊದಲಾದ ಸಣ್ಣ ಭಾಗಗಳನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ನವಿಲುಕತ್ತಿನಂತಹ ಪ್ರಕಾಶಮಾನವಾದ ನೀಲಿ ಬರುತ್ತದೆ. ಈ ಪದರ ಬಹಳ ನಾಜೂಕು. ಹೆಚ್ಚು ಬಳಕೆಯಾದ ಆಯುಧದ ಎಲ್ಲ ತಿರುಪುಗಳಲ್ಲೂ ಅದು ಹೊಸದಾಗಿ ಹೊಳೆಯುತ್ತಿದ್ದರೆ ಸಂಶಯಕ್ಕೆ ಆಸ್ಪದವಿದೆ.

ಕೇಸ್ ಹಾರ್ಡನಿಂಗ್ ಬಣ್ಣ: ಮೂಳೆ ಮತ್ತು ಮರದ ಇದ್ದಿಲಿನ ನಡುವೆ ಹುದುಗಿಸಿ ಕಾಯಿಸಿದ ಭಾಗವನ್ನು ನೀರಿನಲ್ಲಿ ಥಟ್ಟನೆ ತಣಿಸಿದಾಗ ಅದರ ಹೊರಪದರ ಗಡುಸಾಗುತ್ತದೆ, ಜೊತೆಗೆ ನೀಲಿ, ಕಂದು, ಬೂದು, ಹುಲ್ಲುಹಳದಿ ವರ್ಣಗಳು ಮೋಡಗಳಂತೆ ಮೂಡುತ್ತವೆ. ಬೆಳಕು ಮತ್ತು ಬಳಕೆಯಿಂದ ಈ ವರ್ಣಗಳು ಕ್ರಮೇಣ ಮಾಸಿ ಬೆಳ್ಳಿಯಂತಹ ಬೂದುಬಣ್ಣ ಉಳಿಯುತ್ತದೆ. ಕೈಯ ಬೆರಳು ತಾಗದ ಮೂಲೆಗಳಲ್ಲಿ ಮತ್ತು ಹಿಡಿಯ ಮರೆಯಲ್ಲಿ ಮಾತ್ರ ಅವು ಉಳಿದಿರುವುದು ಸಹಜ. 1873ರಲ್ಲಿ ಅಮೆರಿಕದ ಸೇನೆ ಅಂಗೀಕರಿಸಿದ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ಮಾದರಿಯಲ್ಲಿ ಚೌಕಟ್ಟು ಮತ್ತು ಹ್ಯಾಮರ್ ಈ ಬಣ್ಣದವು. ನಳಿಕೆ, ಸಿಲಿಂಡರ್, ಟ್ರಿಗರಿನ ರಕ್ಷಕ ಬಳೆ ಮತ್ತು ಹಿಡಿಯ ಹಿಂಬದಿಯ ಪಟ್ಟಿ ನೀಲಿ ಮೆರುಗಿನವು. ಇಡೀ ಚೌಕಟ್ಟು ನೀಲಿಯಾಗಿದ್ದರೆ ವಿವರಣೆ ಬೇಕಾಗುತ್ತದೆ.

ನಿಕಲ್ ಲೇಪನ: 1870ರ ದಶಕದಿಂದ ವಿದ್ಯುಲ್ಲೇಪನದ ನಿಕಲ್ ಜನಪ್ರಿಯವಾಯಿತು. ನಿಕಲ್‌ಗೆ ತುಸು ಹಳದಿ ಮಿಶ್ರಿತ ಬೆಚ್ಚನೆಯ ಬಿಳುಪಿದೆ. ಕ್ರೋಮಿಯಂ ನೀಲಿ ಛಾಯೆಯ ತಣ್ಣನೆಯ ಬಿಳುಪಿನದು. 19ನೆಯ ಶತಮಾನದ ಆಯುಧದ ಮೇಲೆ ಕ್ರೋಮಿಯಂ ಕಂಡರೆ ಅದು ಖಂಡಿತವಾಗಿಯೂ ಅನಂತರದ ಲೇಪನ.

ಯುದ್ಧಕಾಲದ ಮೆರುಗು: ಮಹಾಯುದ್ಧಗಳಲ್ಲಿ ವೇಗವೇ ಮುಖ್ಯವಾದುದರಿಂದ ಉಜ್ಜುವ ಕೆಲಸ ಕಡಿಮೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ತಯಾರಾದ ಸ್ಮಿತ್ ಅಂಡ್ ವೆಸ್ಸನ್ ವಿಕ್ಟರಿ ಮಾದರಿಯು ಮಂದವಾದ ಬೂದುಗಪ್ಪು ಮೆರುಗು, ಗೀರುಗಳಿಲ್ಲದ ನಯವಾದ ಅಕ್ರೋಟು ಮರದ ಹಿಡಿ ಮತ್ತು ಬುಡದಲ್ಲಿ ದಾರ ಕಟ್ಟುವ ಬಳೆಯನ್ನು ಹೊಂದಿತ್ತು. ಅದರ ಕ್ರಮಸಂಖ್ಯೆ ‘ವಿ’ ಅಕ್ಷರದಿಂದ ಆರಂಭವಾಗುತ್ತದೆ. ಬ್ರಿಟನ್ನಿನ ವೆಬ್ಲಿ ಮಾರ್ಕ್ 4 ರಿವಾಲ್ವರುಗಳ ಮೇಲೆ ಆ ಕಾಲದಲ್ಲಿ ‘ವಾರ್ ಫಿನಿಶ್’ ಎಂದೇ ಅಚ್ಚೊತ್ತಲಾಗುತ್ತಿತ್ತು. ಲೋಹದ ಒರಟುತನಕ್ಕೆ ಕಾರಣ ಯುದ್ಧವೇ ಹೊರತು ಕಾರ್ಖಾನೆಯ ಅಲಕ್ಷ್ಯವಲ್ಲ ಎಂಬುದು ಅದರ ಇಂಗಿತ. ಆ ಅಚ್ಚಿನ ಪಕ್ಕದಲ್ಲೇ ಕನ್ನಡಿಯಂತಹ ಹೊಳಪು ಇದ್ದರೆ ಆ ರಿವಾಲ್ವರ್ ತನ್ನ ಮಾತನ್ನು ತಾನೇ ಅಲ್ಲಗಳೆದಂತಾಗುತ್ತದೆ.

ಮರುಮೆರುಗಿನ ಕುರುಹುಗಳು

ಹೊಸ ಮೆರುಗು ನೀಡುವ ಮೊದಲು ಹಳೆಯ ತುಕ್ಕು ಮತ್ತು ಗೀರುಗಳನ್ನು ಉಜ್ಜಿ ತೆಗೆಯಬೇಕಾಗುತ್ತದೆ. ಹೆಚ್ಚಿನ ಕುರುಹುಗಳು ಹುಟ್ಟುವುದು ಹೊಸ ಬಣ್ಣದಿಂದಲ್ಲ, ಈ ಉಜ್ಜುವಿಕೆಯಿಂದ.

ಅಂಚುಗಳು: ಕಾರ್ಖಾನೆಯಲ್ಲಿ ಸಮತಟ್ಟಾದ ಮೈಗಳನ್ನು ಗಟ್ಟಿ ಚಕ್ರಗಳ ಮೇಲೆ ಉಜ್ಜುತ್ತಿದ್ದುದರಿಂದ ಅಂಚುಗಳು ಚೂಪಾಗಿ ಉಳಿಯುತ್ತಿದ್ದವು. ಮೆತ್ತನೆಯ ಬಟ್ಟೆಯ ಚಕ್ರದ ಮೇಲೆ ಅವಸರದಿಂದ ಉಜ್ಜಿದಾಗ ಅಂಚುಗಳು ದುಂಡಗಾಗುತ್ತವೆ. ಸಮತಟ್ಟಾದ ಮೈ ಅಲೆಅಲೆಯಾಗಿ ಕಾಣುತ್ತದೆ.

ತಿರುಪಿನ ರಂಧ್ರಗಳು: ರಂಧ್ರದ ಬಾಯಿ ಬಟ್ಟಲಿನಂತೆ ತಗ್ಗಾಗುವುದು ಬಹಳ ನಂಬಲರ್ಹವಾದ ಚಿಹ್ನೆ. ಹಾಗೆಯೇ ಸ್ಮಿತ್ ಅಂಡ್ ವೆಸ್ಸನ್ ಚೌಕಟ್ಟಿನ ಪಕ್ಕದ ಮುಚ್ಚಳ ಫಲಕದ ಸಂದು ಮೂಲದಲ್ಲಿ ಕೂದಲೆಳೆಯಷ್ಟು ಸಣ್ಣದು. ಉಜ್ಜಿದ ಮೇಲೆ ಅದು ಅಗಲವಾಗಿ ಎದ್ದುಕಾಣುತ್ತದೆ.

ಅಚ್ಚೊತ್ತಿದ ಅಕ್ಷರಗಳು: ಮೂಲ ಮೇಲ್ಮೈಯಲ್ಲಿ ಅಕ್ಷರಗಳು ಆಳವಾಗಿ, ಅಂಚು ಸ್ಪಷ್ಟವಾಗಿ ಇರುತ್ತವೆ. ಉಜ್ಜಿದಾಗ ಅವು ಆಳ ಕಳೆದುಕೊಂಡು ಒಂದು ಬದಿಗೆ ಎಳೆದಂತೆ ಮಸುಕಾಗುತ್ತವೆ. ಕೋಲ್ಟ್ 1851 ನೇವಿ ಮಾದರಿಯ ಸಿಲಿಂಡರಿನ ಮೇಲೆ 1843ರ ಕ್ಯಾಂಪೀಚೆ ನೌಕಾಯುದ್ಧದ ದೃಶ್ಯವನ್ನು ಉರುಳಚ್ಚಿನಿಂದ ಮೂಡಿಸಲಾಗಿದೆ. ಈ ದೃಶ್ಯ ಬಹಳ ತೆಳುವಾದುದರಿಂದ ಉಜ್ಜುವಿಕೆಗೆ ಮೊದಲು ಬಲಿಯಾಗುವುದು ಅದೇ. ನೀಲಿ ಗಾಢವಾಗಿದ್ದು ಹಡಗುಗಳು ಮಾಯವಾಗಿದ್ದರೆ ಮೆರುಗು ಮೂಲದ್ದಲ್ಲ.

ಮೆರುಗಿನ ಕೆಳಗಿನ ಹಾನಿ: ತುಕ್ಕು ಮೆರುಗನ್ನು ತಿಂದು ಗುಳಿ ತೋಡುತ್ತದೆ, ಆದ್ದರಿಂದ ಮೂಲ ಮೆರುಗಿರುವಲ್ಲಿ ಗುಳಿಯೊಳಗೆ ಬಣ್ಣ ಇರಬಾರದು. ಗುಳಿಯ ಒಳಗೂ ಹೊಳೆಯುವ ನೀಲಿ ಅಥವಾ ನಿಕಲ್ ಇದ್ದರೆ ಗುಳಿ ಮೊದಲು, ಮೆರುಗು ಆಮೇಲೆ. ಸಂಶಯಕ್ಕೆ ಎಡೆಯಿಲ್ಲದ ಕೆಲವೇ ಕುರುಹುಗಳಲ್ಲಿ ಇದೊಂದು.

ಸವೆತದ ಕ್ರಮ: ಚರ್ಮದ ಒರೆಯಲ್ಲಿ ಇಟ್ಟು ತೆಗೆದ ರಿವಾಲ್ವರು ನಳಿಕೆಯ ತುದಿ, ಸಿಲಿಂಡರಿನ ಅಂಚು, ಹಿಡಿಯ ಹಿಂಬದಿಯ ಪಟ್ಟಿ ಇವುಗಳಲ್ಲಿ ಮೊದಲು ಸವೆಯುತ್ತದೆ. ಮೂಲ ನೀಲಿಯು ಇದ್ದಕ್ಕಿದ್ದಂತೆ ಮುಗಿಯದೆ, ಕಂದು ಛಾಯೆಗೆ ತಿರುಗಿ ಅನಂತರ ಬೂದಿನಲ್ಲಿ ಕರಗುತ್ತದೆ. ಹಿಡಿ ಬಹಳ ಸವೆದಿದ್ದು ಲೋಹ ಮಾತ್ರ ಹೊಸದರಂತಿದ್ದರೆ ಎರಡರ ವಯಸ್ಸು ಹೊಂದುವುದಿಲ್ಲ.

ತಪ್ಪು ಭಾಗಕ್ಕೆ ತಪ್ಪು ಮೆರುಗು: ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರುಗಳ ಹ್ಯಾಮರ್ ಮತ್ತು ಟ್ರಿಗರ್ ಸಾಮಾನ್ಯವಾಗಿ ಕೇಸ್ ಹಾರ್ಡನಿಂಗ್ ಬಣ್ಣದವು. ಉಳಿದ ಭಾಗಗಳಿಗೆ ನಿಕಲ್ ಹಾಕಿದಾಗಲೂ ಕಾರ್ಖಾನೆಯು ಇವೆರಡನ್ನು ಹಾಗೆಯೇ ಬಿಡುತ್ತಿತ್ತು. ಅದೇ ಸಂಸ್ಥೆಯ ಹಳೆಯ ಮಡಚುವ ಮಾದರಿಗಳಲ್ಲಿ, ನಿಕಲ್ ಲೇಪಿತ ಆಯುಧದಲ್ಲಿಯೂ ಟ್ರಿಗರಿನ ರಕ್ಷಕ ಬಳೆ ಸಾಮಾನ್ಯವಾಗಿ ನೀಲಿಯಾಗಿರುತ್ತದೆ. ಖಾಸಗಿ ಲೇಪನಗಾರರಿಗೆ ಈ ಪದ್ಧತಿ ತಿಳಿಯದೆ ಎಲ್ಲ ಭಾಗಗಳನ್ನೂ ಒಂದೇ ತೊಟ್ಟಿಯಲ್ಲಿ ಅದ್ದಿದ ಉದಾಹರಣೆಗಳು ಹೇರಳ.

ತಣ್ಣೀಲಿ: ಅಲ್ಲಲ್ಲಿ ಸವೆದ ಜಾಗವನ್ನು ಮರೆಮಾಚಲು ಸೆಲೆನಿಯಂ ಮತ್ತು ತಾಮ್ರದ ಲವಣಗಳಿರುವ ದ್ರವವನ್ನು ಹಚ್ಚುವುದುಂಟು. ಹಾಗೆ ಹಚ್ಚಿದ ಕಲೆಗಳು ಬೂದುಗಪ್ಪಾಗಿ, ಮಚ್ಚೆಯಂತೆ ಕಾಣುತ್ತವೆ. ಒಂದು ವಿಶಿಷ್ಟ ವಾಸನೆಯೂ ಉಳಿಯುತ್ತದೆ. ಸಂಗ್ರಹಾಲಯಗಳ ಪ್ರಯೋಗಾಲಯಗಳಲ್ಲಿ ಕ್ಷಕಿರಣ ಪ್ರತಿದೀಪ್ತಿ ವಿಧಾನದಿಂದ ಮೇಲ್ಮೈಯಲ್ಲಿರುವ ಸೆಲೆನಿಯಂ, ತಾಮ್ರ, ನಿಕಲ್, ಕ್ರೋಮಿಯಂಗಳನ್ನು ವಸ್ತುವಿಗೆ ಹಾನಿಯಾಗದಂತೆ ಪತ್ತೆಹಚ್ಚಬಹುದು.

ಹಿಡಿಗಳು

ಒಂದೆರಡು ತಿರುಪು ಬಿಚ್ಚಿದರೆ ಬದಲಾಯಿಸಬಹುದಾದ ಭಾಗವೆಂದರೆ ಹಿಡಿ. ಒಡೆದಾಗ, ಕೈಗೆ ಹೊಂದದಿದ್ದಾಗ, ಅಥವಾ ಅಂದಕ್ಕಾಗಿ ಮಾಲೀಕರು ಅದನ್ನು ಬದಲಾಯಿಸುತ್ತ ಬಂದಿದ್ದಾರೆ. ಹೀಗಾಗಿ ಲೋಹ ಮೂಲದ್ದಾಗಿದ್ದರೂ ಹಿಡಿ ಬೇರೆಯದಾಗಿರುವುದು ಅಪರೂಪವಲ್ಲ.

ಅಕ್ರೋಟು ಮರ: ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯ ಸೇನಾ ಮಾದರಿಗಳಿಗೆ ಎಣ್ಣೆ ಹಚ್ಚಿದ, ಒಂದೇ ತುಂಡಿನ ಅಕ್ರೋಟು ಹಿಡಿ ಇತ್ತು, ಆರಂಭದ ನಾಗರಿಕ ಮಾದರಿಗಳಿಗೆ ವಾರ್ನಿಷ್ ಹಚ್ಚಿದ ಮರ ಇತ್ತು. ಸೇನೆಯ ತಪಾಸಣಾಧಿಕಾರಿಗಳು ತಮ್ಮ ಹೆಸರಿನ ಮೊದಲಕ್ಷರಗಳ ಮುದ್ರೆಯನ್ನು ಮರದ ಮೇಲೆ ಒತ್ತುತ್ತಿದ್ದರು. 1870ರ ದಶಕದಲ್ಲಿ ಆರ್ವಿಲ್ ಡಬ್ಲ್ಯೂ. ಐನ್ಸ್‌ವರ್ತ್ ಪರಿಶೀಲಿಸಿದ ರಿವಾಲ್ವರುಗಳಿಗೆ ಸಂಗ್ರಾಹಕರಲ್ಲಿ ವಿಶೇಷ ಬೇಡಿಕೆಯಿರುವುದರಿಂದ ಅವರ ಮುದ್ರೆಯ ನಕಲುಗಳೂ ಹುಟ್ಟಿಕೊಂಡಿವೆ. ನೂರಾರು ಬಾರಿ ಕೈ ತಾಗಿದ ಹಿಡಿಯಲ್ಲಿ ಮುದ್ರೆಯೂ ಮರದೊಡನೆಯೇ ಸವೆದಿರಬೇಕು. ಸವೆದ ಮರದ ಮೇಲೆ ಚೂಪಾದ ಮುದ್ರೆ ಇದ್ದರೆ ಅದು ಈಚಿನದು.

ಗಟ್ಟಿ ರಬ್ಬರ್: 1880ರ ದಶಕದಿಂದ ಕೋಲ್ಟ್ ಸಂಸ್ಥೆ ಗಟ್ಟಿ ರಬ್ಬರಿನ ಎರಡು ತುಂಡಿನ ಹಿಡಿಗಳನ್ನು ಬಳಸಿತು. ಆರಂಭದವುಗಳ ಮೇಲೆ ಗರುಡ ಮತ್ತು ಗುರಾಣಿಯ ಚಿತ್ರವಿದೆ; ಅನಂತರದವುಗಳಲ್ಲಿ ಗರುಡವಿಲ್ಲದೆ ಮುಂಗಾಲೆತ್ತಿದ ಕುದುರೆಯ ಲಾಂಛನವಷ್ಟೇ ಇದೆ. ವೆಬ್ಲಿಯ 1915ರ ಮಾರ್ಕ್ 6 ಮಾದರಿಗೂ ಇದೇ ಬಗೆಯ ವಲ್ಕನೈಟ್ ಹಿಡಿ ಇತ್ತು. ಹಳೆಯ ಗಟ್ಟಿ ರಬ್ಬರ್ ಬೆಳಕಿಗೆ ಒಡ್ಡಿಕೊಂಡು ಕಂದು ಬಣ್ಣಕ್ಕೆ ತಿರುಗುತ್ತದೆ. ಬೆರಳಿನಿಂದ ಬಲವಾಗಿ ತಿಕ್ಕಿದರೆ ಗಂಧಕದ ವಾಸನೆ ಬರುತ್ತದೆ. ಪ್ಲಾಸ್ಟಿಕ್ಕಿನ ಪ್ರತಿಗಳಿಗೆ ಈ ಎರಡೂ ಗುಣಗಳಿಲ್ಲ.

ಬಿಲ್ಲೆಗಳು: ಸ್ಮಿತ್ ಅಂಡ್ ವೆಸ್ಸನ್ ಮರದ ಹಿಡಿಗಳಲ್ಲಿ ಕೂರಿಸಿದ ಲಾಂಛನದ ಬಿಲ್ಲೆಗಳು ಕಾಲನಿರ್ಣಯಕ್ಕೆ ನೆರವಾಗುತ್ತವೆ. 1910ರ ದಶಕದವು ಚಿನ್ನದ ಬಣ್ಣದವು. 1920ರ ದಶಕದ ಹಿಡಿಗಳಲ್ಲಿ ಸಾಮಾನ್ಯವಾಗಿ ಬಿಲ್ಲೆಯೇ ಇಲ್ಲ. 1930ರ ಹೊತ್ತಿಗೆ ಬೆಳ್ಳಿಯ ಬಣ್ಣದ ಬಿಲ್ಲೆಗಳು ಬಂದವು. ಚೌಕಟ್ಟಿನ ಮೇಲ್ಭಾಗದವರೆಗೆ ಏರುವ ‘ಮ್ಯಾಗ್ನಾ’ ಆಕಾರದ ಹಿಡಿ 1935ರಲ್ಲಿ .357 ಮ್ಯಾಗ್ನಂ ರಿವಾಲ್ವರಿನೊಂದಿಗೆ ಪರಿಚಿತವಾಯಿತು. ತಿರುಪಿನ ಸುತ್ತ ಗೀರಿಲ್ಲದೆ ಬಿಟ್ಟ ವಜ್ರಾಕೃತಿ 1968ರ ಸುಮಾರಿಗೆ ನಿಂತುಹೋಯಿತು. ಆದ್ದರಿಂದ 1925ರ ರಿವಾಲ್ವರಿನ ಮೇಲೆ ಮ್ಯಾಗ್ನಾ ಹಿಡಿ ಇದ್ದರೆ, ಅದು ಅದೇ ಕಾರ್ಖಾನೆಯ ಅಪ್ಪಟ ಹಿಡಿಯಾಗಿದ್ದರೂ ಆ ಆಯುಧದ ಮೂಲ ಹಿಡಿಯಲ್ಲ. ‘ಕಾರ್ಖಾನೆಯ ಹಿಡಿ’ ಮತ್ತು ‘ಈ ಆಯುಧದ ಮೂಲ ಹಿಡಿ’ ಎಂಬ ಎರಡು ಮಾತುಗಳ ಅರ್ಥ ಒಂದೇ ಅಲ್ಲ. ಕೋಲ್ಟ್ ಸಂಸ್ಥೆಯು ಎರಡನೆಯ ಮಹಾಯುದ್ಧದ ನಂತರ ಕೆಲವು ವರ್ಷ ‘ಕೋಲ್ಟ್‌ವುಡ್’ ಎಂಬ ಕಂದು ಪ್ಲಾಸ್ಟಿಕ್ ಹಿಡಿಗಳನ್ನು ಬಳಸಿತು; ಪ್ಲಾಸ್ಟಿಕ್ ಎಂಬ ಒಂದೇ ಕಾರಣಕ್ಕೆ ಅವನ್ನು ಬದಲಿ ಎನ್ನಲಾಗದು.

ಕ್ರಮಸಂಖ್ಯೆ: ಹಿಡಿಯ ಒಳಮೈ ಅತ್ಯಂತ ಮಹತ್ವದ ಸಾಕ್ಷಿ. ಸ್ಮಿತ್ ಅಂಡ್ ವೆಸ್ಸನ್ ಸಂಸ್ಥೆ ಬಲಬದಿಯ ಫಲಕದ ಒಳಗೆ ಆಯುಧದ ಕ್ರಮಸಂಖ್ಯೆಯನ್ನು ಪೆನ್ಸಿಲಿನಿಂದ ಬರೆಯುತ್ತಿತ್ತು ಅಥವಾ ಅಚ್ಚೊತ್ತುತ್ತಿತ್ತು. ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯ ಮರದ ಹಿಡಿಗಳಲ್ಲಿ ಸಂಖ್ಯೆಯನ್ನು ಶಾಯಿಯಲ್ಲಿ ಬರೆದುದೂ, ರಬ್ಬರ್ ಹಿಡಿಗಳಲ್ಲಿ ಗೀಚಿದುದೂ ಕಂಡುಬರುತ್ತದೆ. ಈ ಸಂಖ್ಯೆ ಚೌಕಟ್ಟಿನ ಸಂಖ್ಯೆಗೆ ಹೊಂದಿದರೆ ಹಿಡಿ ಮೂಲದ್ದೆಂಬ ವಾದ ಬಲಗೊಳ್ಳುತ್ತದೆ. ಆದರೆ ಪೆನ್ಸಿಲಿನ ಬರಹವನ್ನು ಯಾರಾದರೂ ಸೇರಿಸಬಹುದಾದುದರಿಂದ ಅದೊಂದನ್ನೇ ನೆಚ್ಚುವಂತಿಲ್ಲ.

ಹೊಂದಿಕೆ: ಕಾರ್ಖಾನೆಯಲ್ಲಿ ಮರ ಮತ್ತು ಲೋಹವನ್ನು ಒಂದಕ್ಕೊಂದು ಸಮನಾಗುವಂತೆ ಹೊಂದಿಸಲಾಗುತ್ತಿತ್ತು. ಲೋಹವನ್ನು ಮಾತ್ರ ಉಜ್ಜಿದರೆ ಅದು ತಗ್ಗಿ, ಮರದ ಅಂಚು ಮೇಲೆದ್ದು ನಿಲ್ಲುತ್ತದೆ. ಇಲ್ಲಿ ಹಿಡಿ ಮೂಲದ್ದಾಗಿದ್ದು, ಲೋಹದ ಮೆರುಗು ಮೂಲದ್ದಲ್ಲ ಎಂಬುದಕ್ಕೆ ಹಿಡಿಯೇ ಸಾಕ್ಷಿ ಹೇಳುತ್ತದೆ.

ದಂತ ಮತ್ತು ಮುತ್ತಿನ ಚಿಪ್ಪು: ಇವು ಕಾರ್ಖಾನೆಯಿಂದ ಹೆಚ್ಚುವರಿ ಬೆಲೆಗೂ, ಹೊರಗಿನ ಕುಶಲಕರ್ಮಿಗಳಿಂದಲೂ ದೊರೆಯುತ್ತಿದ್ದವು. ಅಮೆರಿಕದ ಸೇನಾಪತಿ ಜಾರ್ಜ್ ಎಸ್. ಪ್ಯಾಟನ್ 1916ರಲ್ಲಿ ಕೊಂಡ ಕೋಲ್ಟ್ ರಿವಾಲ್ವರಿನ ದಂತದ ಹಿಡಿ ಪ್ರಸಿದ್ಧವಾಗಿದೆ. ಆನೆಯ ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ‘ಶ್ರೇಗರ್ ರೇಖೆಗಳು’ ಕಾಣುತ್ತವೆ; ಮೂಳೆಯಲ್ಲಿ ಅವುಗಳ ಬದಲು ಕಪ್ಪು ಚುಕ್ಕೆಗಳಂತಹ ಸೂಕ್ಷ್ಮ ನಾಳಗಳಿರುತ್ತವೆ; ಪ್ಲಾಸ್ಟಿಕ್ಕಿನಲ್ಲಿ ರೇಖೆಗಳಿದ್ದರೂ ಅವು ಯಂತ್ರದಿಂದ ಎಳೆದಂತೆ ಸಮಾನಾಂತರವಾಗಿರುತ್ತವೆ. ಕಾದ ಸೂಜಿ ಚುಚ್ಚಿ ಪರೀಕ್ಷಿಸುವ ಹಳೆಯ ರೂಢಿ ವಸ್ತುವನ್ನು ಕೆಡಿಸುವುದರಿಂದ ತ್ಯಾಜ್ಯ.

ಹೊರಗಿನ ತಯಾರಕರ ಹಿಡಿಗಳು: ಪ್ಯಾಕ್‌ಮೇರ್ ಮತ್ತು ಹೋಗ್ ಸಂಸ್ಥೆಗಳ ರಬ್ಬರ್ ಹಿಡಿಗಳು, ಜಿಂಕೆಯ ಕೊಂಬನ್ನು ಹೋಲುವ ಫ್ರಾಂಜೈಟ್ ಪ್ಲಾಸ್ಟಿಕ್ ಹಿಡಿಗಳು, ಟ್ರಿಗರಿನ ಹಿಂದಿನ ಸಂದನ್ನು ತುಂಬುವ ಟೈಲರ್ ಲೋಹದ ತುಣುಕು ಇವು ಪರಿಚಿತ ಉದಾಹರಣೆಗಳು. ಇವು ಆಯಾ ಕಾಲದ ಬಳಕೆದಾರರ ಅಭಿರುಚಿಯನ್ನು ತೋರಿಸುವುದರಿಂದ, ಮೂಲವಲ್ಲದಿದ್ದರೂ ಕೆಲವೊಮ್ಮೆ ಇತಿಹಾಸದ ಭಾಗವೇ ಆಗುತ್ತವೆ.

ಅಧಿಕೃತ ದುರಸ್ತಿಯ ಗುರುತುಗಳು

ಸ್ಮಿತ್ ಅಂಡ್ ವೆಸ್ಸನ್ ಕಾರ್ಖಾನೆಗೆ ಮರಳಿ ಹೋದ ಆಯುಧಗಳ ಮೇಲೆ ನಕ್ಷತ್ರದ ಚಿಹ್ನೆ, ಹಿಡಿಯ ಮರೆಯ ಚೌಕಟ್ಟಿನ ಮೇಲೆ ತಿಂಗಳು ಮತ್ತು ವರ್ಷದ ಅಂಕಿಗಳು, ನಿಕಲ್‌ನ ಮರುಲೇಪನಕ್ಕೆ ‘ಆರ್-ಎನ್’ ಎಂಬ ಅಕ್ಷರಗಳು ಕಂಡುಬರುತ್ತವೆ. ಮೊದಲೇ ನಿಕಲ್ ಹಾಕಿ ಕಳುಹಿಸಿದವುಗಳ ಸಿಲಿಂಡರಿನ ಹಿಂಬದಿ ಮೊದಲಾದ ಮರೆಯ ಜಾಗಗಳಲ್ಲಿ ‘ಎನ್’, ನೀಲಿಯವುಗಳಲ್ಲಿ ‘ಬಿ’ ಅಕ್ಷರ ಇರುವುದುಂಟು. ‘ಬಿ’ ಅಕ್ಷರದ ಮೇಲೆ ನಿಕಲ್ ಹೊಳೆಯುತ್ತಿದ್ದರೆ ತೀರ್ಮಾನ ಸುಲಭ. ಬ್ರಿಟನ್ನಿನಲ್ಲಿ ಪೂರ್ಣ ದುರಸ್ತಿಯಾದ ಸೇನಾ ಆಯುಧಗಳಿಗೆ ‘ಎಫ್.ಟಿ.ಆರ್.’ ಎಂಬ ಅಚ್ಚು ಬೀಳುತ್ತಿತ್ತು.

ಇದಕ್ಕೆ ಬಹು ಬೋಧಪ್ರದವಾದ ಉದಾಹರಣೆ ಕೋಲ್ಟಿನ ‘ಆರ್ಟಿಲರಿ’ ಮಾದರಿ. 1890ರ ದಶಕದ ಮಧ್ಯಭಾಗದಿಂದ 1900ರ ದಶಕದ ಆರಂಭದವರೆಗೆ ಅಮೆರಿಕದ ಸೇನೆ ಅಶ್ವದಳದ ಹಳೆಯ ರಿವಾಲ್ವರುಗಳನ್ನು ಹಿಂಪಡೆದು, ಏಳೂವರೆ ಇಂಚಿನ ನಳಿಕೆಗಳನ್ನು ಐದೂವರೆ ಇಂಚಿಗೆ ಕತ್ತರಿಸಿ, ಹೊಸ ಮೆರುಗು ನೀಡಿ ಮತ್ತೆ ಹಂಚಿತು. ಬಿಚ್ಚಿದ ಭಾಗಗಳನ್ನು ಮರುಜೋಡಿಸುವಾಗ ಕ್ರಮಸಂಖ್ಯೆಗಳು ಅನೇಕವೇಳೆ ಬೆರೆತುಹೋದವು. ಹೀಗಾಗಿ ಬೆರೆತ ಸಂಖ್ಯೆ, ಮೋಟು ನಳಿಕೆ, ಎರಡನೆಯ ಮೆರುಗು ಇವು ಬೇರೆಡೆ ದೋಷಗಳಾದರೂ ಇಲ್ಲಿ ಪ್ರಾಮಾಣಿಕತೆಯ ಗುರುತುಗಳು. ಇಂತಹ ಒಂದು ರಿವಾಲ್ವರಿಗೆ ಉದ್ದ ನಳಿಕೆ ಜೋಡಿಸಿ ಅಶ್ವದಳದ ಮಾದರಿಯೆಂದು ‘ಸರಿಪಡಿಸಿದರೆ’ ನಿಜವಾದ ಇತಿಹಾಸ ಅಳಿದು ಕಲ್ಪಿತ ಇತಿಹಾಸ ಉಳಿಯುತ್ತದೆ.

ದಾಖಲೆಗಳು

ಕೋಲ್ಟ್ ಸಂಸ್ಥೆಯ ದಾಖಲೆ ಸಂಗ್ರಹವೂ ಸ್ಮಿತ್ ಅಂಡ್ ವೆಸ್ಸನ್ ಇತಿಹಾಸ ಪ್ರತಿಷ್ಠಾನವೂ ಶುಲ್ಕ ಪಡೆದು ಕ್ರಮಸಂಖ್ಯೆಯ ಆಧಾರದ ಮೇಲೆ ಪತ್ರ ನೀಡುತ್ತವೆ. ಆಯುಧ ರವಾನೆಯಾದ ದಿನಾಂಕ, ಯಾರಿಗೆ ಹೋಯಿತು, ಆಗಿನ ಮೆರುಗು ಮತ್ತು ಹಿಡಿ ಯಾವುವು ಎಂಬ ವಿವರಗಳು ಅದರಲ್ಲಿರಬಹುದು. 1864ರಲ್ಲಿ ಹಾರ್ಟ್‌ಫರ್ಡಿನ ಕೋಲ್ಟ್ ಕಾರ್ಖಾನೆಗೆ ಬೆಂಕಿ ಬಿದ್ದುದರಿಂದ ಅದಕ್ಕೂ ಹಿಂದಿನ ಆಯುಧಗಳ ಬಗ್ಗೆ ಇಂತಹ ನೆರವು ಕಡಿಮೆ.

ಪತ್ರದ ಮಿತಿಯನ್ನೂ ಅರಿಯಬೇಕು. ಪತ್ರದಲ್ಲಿ ‘ನೀಲಿ’ ಎಂದಿದ್ದು ಕೈಯಲ್ಲಿರುವುದು ನಿಕಲ್ ಆಗಿದ್ದರೆ ಬದಲಾವಣೆ ಸಾಬೀತಾಗುತ್ತದೆ. ಆದರೆ ಪತ್ರದಲ್ಲೂ ನೀಲಿ, ಕೈಯಲ್ಲೂ ನೀಲಿ ಇದ್ದರೆ ಅದು ಅದೇ ನೀಲಿ ಎಂದು ಸಾಬೀತಾಗುವುದಿಲ್ಲ. ಆ ಪ್ರಶ್ನೆಗೆ ಲೋಹವೇ ಉತ್ತರಿಸಬೇಕು.

ಪರಿಶೀಲನೆಯ ಕ್ರಮ

ಮೊದಲಿಗೆ ಆಯುಧದಲ್ಲಿ ಗುಂಡು ಇಲ್ಲವೆಂದು ತಿಳಿದವರು ಸಿಲಿಂಡರಿನ ಪ್ರತಿಯೊಂದು ಕೋಣೆಯನ್ನೂ ನೋಡಿ ಖಚಿತಪಡಿಸಿಕೊಳ್ಳಬೇಕು. ಅನಂತರ ಹಗಲಿನ ಓರೆಬೆಳಕಿನಲ್ಲಿ ಅಂಚು, ರಂಧ್ರ ಮತ್ತು ಅಕ್ಷರಗಳನ್ನು ಭೂತಗನ್ನಡಿಯಿಂದ ನೋಡಲಾಗುತ್ತದೆ. ತಿರುಪಿನ ಸೀಳಿಗೆ ಸರಿಯಾಗಿ ಹೊಂದುವ ಸಾಧನದಿಂದ ಹಿಡಿಯನ್ನು ಬಿಚ್ಚಿ, ಅದರ ಒಳಮೈಯನ್ನೂ ಮರೆಯಲ್ಲಿದ್ದ ಲೋಹವನ್ನೂ ಪರೀಕ್ಷಿಸಲಾಗುತ್ತದೆ. ಬೆಳಕು ಮತ್ತು ಬೆವರು ತಾಗದ ಆ ಭಾಗದಲ್ಲಿ ಮೂಲ ಮೆರುಗಿನ ಮಾದರಿ ಉಳಿದಿರುವ ಸಂಭವ ಹೆಚ್ಚು. ಕೊನೆಗೆ ಅದೇ ವರ್ಷದ, ಮೂಲವೆಂದು ಸಿದ್ಧವಾದ ಇನ್ನೊಂದು ಆಯುಧದೊಡನೆ ಹೋಲಿಸುವುದು ಉತ್ತಮ. ಒಂದೇ ಕುರುಹಿನಿಂದ ತೀರ್ಮಾನಿಸುವುದು ಸಾಧುವಲ್ಲ. ಲೋಹ, ಹಿಡಿ ಮತ್ತು ದಾಖಲೆ ಈ ಮೂರೂ ಒಂದೇ ಕಥೆಯನ್ನು ಹೇಳಬೇಕು.

ಮೌಲ್ಯ ಮತ್ತು ಸಂರಕ್ಷಣೆ

ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಪುರಾತನ ಆಯುಧಗಳಿಗೆ ರೂಪಿಸಿದ ಶ್ರೇಣಿಗಳಲ್ಲಿ ‘ಎಕ್ಸಲೆಂಟ್’ ಎನಿಸಲು ಎಲ್ಲ ಭಾಗಗಳು ಮೂಲವಾಗಿದ್ದು ಮೂಲ ಮೆರುಗು 80 ಪ್ರತಿಶತಕ್ಕಿಂತ ಹೆಚ್ಚಿರಬೇಕು. ‘ಫೈನ್’ ಎನಿಸಲು 30 ಪ್ರತಿಶತಕ್ಕಿಂತ ಹೆಚ್ಚಿದ್ದರೆ ಸಾಕು. ಮಾಸಿದ ಮೂಲ ಮೆರುಗಿಗೆ ಹೊಳೆಯುವ ಮರುಮೆರುಗಿಗಿಂತ ಹೆಚ್ಚು ಬೆಲೆ ಬರುವುದು ಸಾಮಾನ್ಯ. ಅಜ್ಜನ ಕಾಲದ ವಸ್ತುವನ್ನು ಅಂದಗೊಳಿಸುವ ಸದುದ್ದೇಶದಿಂದಲೇ ಅನೇಕ ಕುಟುಂಬಗಳು ಅದರ ಚರಿತ್ರೆಯನ್ನು ಉಜ್ಜಿ ತೆಗೆದಿವೆ.

ಸಂರಕ್ಷಣೆಯ ದೃಷ್ಟಿಯಿಂದ ಸಕ್ರಿಯ ತುಕ್ಕನ್ನು ತಡೆಯುವುದು, ತೆಳುವಾಗಿ ಎಣ್ಣೆ ಅಥವಾ ಮೇಣ ಸವರುವುದು, ತೇವಾಂಶವನ್ನು ಹತೋಟಿಯಲ್ಲಿಡುವುದು ಇಷ್ಟೇ ಸಾಕು. ಅಮೋನಿಯ ಇರುವ ಶುದ್ಧೀಕಾರಕಗಳು ನಿಕಲ್‌ನ ಅಡಿಯಲ್ಲಿ ತಾಮ್ರದ ಪದರವಿದ್ದರೆ ಅದನ್ನು ಕರಗಿಸಿ ಲೇಪನವನ್ನು ಏಳಿಸಬಲ್ಲವು. ಚರ್ಮದ ಒರೆಯೊಳಗೆ ದೀರ್ಘಕಾಲ ಇರಿಸಿದರೆ ತೇವ ನಿಂತು ಗುಳಿಗಳು ಬೀಳುತ್ತವೆ. ತೆಗೆದ ಹಳೆಯ ಹಿಡಿಯನ್ನು, ಅದು ಒಡೆದಿದ್ದರೂ, ಎಸೆಯದೆ ಆಯುಧದೊಡನೆ ಇಡುವುದು ಸಂಗ್ರಾಹಕರ ನಿಯಮ.

ಭಾರತದಲ್ಲಿ

ವೆಬ್ಲಿ ರಿವಾಲ್ವರುಗಳು ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಭಾರತದ ಸೇನೆ ಮತ್ತು ಪೊಲೀಸರ ಬಳಕೆಯಲ್ಲಿದ್ದವು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅನ್ವಯ ಬಂದೂಕುಗಳ ದುರಸ್ತಿಯನ್ನು ವೃತ್ತಿಯಾಗಿ ನಡೆಸಲು ಪರವಾನಗಿ ಬೇಕು. ಅದೇ ಕಾಯ್ದೆಯ 8ನೆಯ ವಿಧಿಯು ಆಯುಧದ ಮೇಲಿರುವ ಹೆಸರು, ಸಂಖ್ಯೆ ಅಥವಾ ಗುರುತನ್ನು ಅಳಿಸುವುದನ್ನೂ ಬದಲಾಯಿಸುವುದನ್ನೂ ನಿಷೇಧಿಸುತ್ತದೆ. ಆದುದರಿಂದ ಕ್ರಮಸಂಖ್ಯೆ ಮಾಸುವಷ್ಟು ಉಜ್ಜುವ ಕೆಲಸವು ಇತಿಹಾಸದ ನಷ್ಟವಷ್ಟೇ ಆಗಿರದೆ ಕಾನೂನಿನ ತೊಡಕೂ ಆಗಬಲ್ಲದು. ದಂತದ ಹಿಡಿಗಳ ಮಾರಾಟ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ನಿರ್ಬಂಧಕ್ಕೆ ಒಳಪಡುತ್ತದೆ.